ಆ ಸಿನಿಮಾದ ಕಥೆ ಅರ್ಥವಾಗಲಿಲ್ಲ ಎನ್ನುವವರಿಗೆ

ಹಳೆಯ ಅಮೆರಿಕನ್ ಪತ್ತೇದಾರಿ ಸಿನಿಮಾಗಳ ಬಗ್ಗೆ ಬರೆಯತೊಡಗಿದ ಮೇಲೆ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: "ನೀವು ಹೇಳಿದಿರೆಂದು ನೋಡಿದೆವು, ಚೆನ್ನಾಗಿಯೂ ಇತ್ತು, ಆದರೆ ಯಾರು ಯಾರನ್ನು ಏಕೆ ಕೊಂದರೆಂಬುದು ಕಡೆಗೂ ತಿಳಿಯಲಿಲ್ಲ. ಇಷ್ಟು ಗೋಜಲಾಗಿ ಏಕೆ ಕಥೆ ಕಟ್ಟುತ್ತಾರೆ?" ಹೀಗೆ ಕೇಳುವವರಲ್ಲಿ ಹೆಚ್ಚಿನವರು ಒಳ್ಳೆಯ ಓದುಗರು. ತಾವೇ ಎಲ್ಲೋ ತೂಕಡಿಸಿರಬೇಕೆಂಬ ಸಂಕೋಚ ಅವರ ಮಾತಿನಲ್ಲಿರುತ್ತದೆ. ನನ್ನ ಉತ್ತರವೂ ಬಹುಕಾಲದಿಂದ ಒಂದೇ ಆಗಿದೆ: ನ್ವಾರ್ ಎಂದು ಕರೆಯಲಾಗುವ ಇಂಥ ಸಿನಿಮಾ ನೋಡುವಾಗ ಕೊಲೆಗಾರನ ಮೇಲಿನ ಕಣ್ಣನ್ನು ತೆಗೆದು ಕಕ್ಷಿದಾರರ ಮೇಲಿಡಿ. ಪತ್ತೇದಾರನ ಕೋಣೆಗೆ ಬಂದು, ಎದುರಿನ ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲೆ ಹಣ ಇಟ್ಟವರು ಯಾರು, ಅವರು ಹೇಳಿದ ಮೊದಲ ಸುಳ್ಳು ಯಾವುದು ಎಂಬ ಎರಡು ಸಂಗತಿಗಳನ್ನು ಹಿಡಿದುಕೊಂಡರೆ ಉಳಿದ ಎಳೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಗೊಂದಲಕ್ಕೆ ಕಾರಣ ನಮ್ಮ ಓದಿನ ಅಭ್ಯಾಸದಲ್ಲಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನೋ ಅನುವಾದಗೊಂಡ ಷರ್ಲಾಕ್ ಹೋಮ್ಸನನ್ನೋ ಓದಿ ಬೆಳೆದವರಿಗೆ ಪತ್ತೇದಾರನೆಂದರೆ ಅಪರಾಧದ ಹೊರಗೆ ನಿಂತವನು. ಸಂಶಯಿತರೆಲ್ಲ ಒಂದು ಆವರಣದೊಳಗಿರುತ್ತಾರೆ; ಆತ ಹೊರಗಿನಿಂದ ಬಂದು, ಸುಳಿವುಗಳನ್ನು ಕೂಡಿಹಾಕಿ, ಕೊನೆಯ ಅಧ್ಯಾಯದಲ್ಲಿ ಬೊಟ್ಟುಮಾಡಿ ತೋರಿಸಿ ಹೊರಟುಹೋಗುತ್ತಾನೆ. ಅಲ್ಲಿ ಕಕ್ಷಿದಾರನ ಕೆಲಸ ಬಾಗಿಲು ತೆರೆದು ಒಳಗೆ ಕರೆಯುವಷ್ಟೇ. ನ್ವಾರ್ ಕಥೆಯಲ್ಲಿ ಪತ್ತೇದಾರನಿಗೆ ಸಂಬಳ ಕೊಡುವವರೇ ಆ ಆವರಣದೊಳಗಿನವರು. ಹಣ ಮುಟ್ಟಿದ ಗಳಿಗೆಯಿಂದ ಆತನೂ ಒಳಗಿನವನೇ.

ಇದನ್ನು ವಿವರಿಸಲು ನಾನು ಯಾವಾಗಲೂ ಎತ್ತಿಕೊಳ್ಳುವುದು 1941ರ 'ದಿ ಮಾಲ್ಟೀಸ್ ಫಾಲ್ಕನ್' ಚಿತ್ರವನ್ನು. ಡ್ಯಾಶಿಯೆಲ್ ಹ್ಯಾಮೆಟ್ ಬರೆದ ಕಾದಂಬರಿಯನ್ನು ಜಾನ್ ಹ್ಯೂಸ್ಟನ್ ತನ್ನ ಮೊದಲ ನಿರ್ದೇಶನಕ್ಕೆ ಆರಿಸಿಕೊಂಡ. ಅದೇ ಕಾದಂಬರಿಯನ್ನು ವಾರ್ನರ್ ಬ್ರದರ್ಸ್ ಸಂಸ್ಥೆ 1931ರಲ್ಲಿ ಮತ್ತು 1936ರಲ್ಲಿ ಆಗಲೇ ಎರಡು ಬಾರಿ ಸಿನಿಮಾ ಮಾಡಿತ್ತೆಂಬುದು ಹೊಸಬನೊಬ್ಬನಿಗೆ ಅಷ್ಟೇನೂ ಶುಭಸೂಚನೆಯಾಗಿರಲಿಲ್ಲ. ನಾಯಕನ ಪಾತ್ರವನ್ನು ಜಾರ್ಜ್ ರಾಫ್ಟ್ ನಿರಾಕರಿಸಿದ್ದರಿಂದ ಅದು ಹಂಫ್ರಿ ಬೋಗಾರ್ಟ್ ಪಾಲಿಗೆ ಬಂತು. ಇದನ್ನು ನ್ವಾರ್ ಎಂದು ಯಾರೂ ಆಗ ಕರೆಯುತ್ತಿರಲಿಲ್ಲ. ಯುದ್ಧ ಮುಗಿದ ಬಳಿಕ 1946ರಲ್ಲಿ ಇಂಥ ಹಲವು ಚಿತ್ರಗಳು ಒಟ್ಟಿಗೆ ಪ್ಯಾರಿಸ್ಸಿಗೆ ಬಂದಾಗ ಅಲ್ಲಿನ ವಿಮರ್ಶಕರು 'ಕಪ್ಪು' ಎಂಬ ಅರ್ಥದ ತಮ್ಮ ಪದವನ್ನು ಇವಕ್ಕೆ ಅಂಟಿಸಿದರು. ಹಾಗಾಗಿ ನ್ವಾರಿನ ನಿಯಮ ಪಾಲಿಸಬೇಕೆಂದು ಹೊರಟ ಚಿತ್ರ ಇದಲ್ಲ, ಆ ನಿಯಮಗಳನ್ನು ನಾವು ಆಮೇಲೆ ಹೆಕ್ಕಿದ್ದೇ ಇಂಥ ಚಿತ್ರಗಳಿಂದ.

ಸ್ಯಾನ್ ಫ್ರಾನ್ಸಿಸ್ಕೋದ ಸ್ಪೇಡ್ ಮತ್ತು ಆರ್ಚರ್ ಎಂಬ ಇಬ್ಬರು ಪಾಲುದಾರರ ಪತ್ತೇದಾರಿ ಕಚೇರಿಗೆ ಮಿಸ್ ವಂಡರ್ಲಿ ಎಂಬಾಕೆ ಬರುತ್ತಾಳೆ. ತನ್ನ ತಂಗಿ ಥರ್ಸ್‌ಬಿ ಎಂಬವನೊಡನೆ ನ್ಯೂಯಾರ್ಕಿನಿಂದ ಓಡಿಬಂದಿದ್ದಾಳೆ, ಅವನನ್ನು ಹಿಂಬಾಲಿಸಿ ತಂಗಿಯನ್ನು ಹುಡುಕಿಕೊಡಿ ಎನ್ನುತ್ತಾಳೆ. ನೂರರ ಎರಡು ನೋಟು ಕೊಡುತ್ತಾಳೆ. ಅಂದು ರಾತ್ರಿಯೇ ಆರ್ಚರ್ ಗುಂಡಿಗೆ ಬಲಿಯಾಗುತ್ತಾನೆ, ಕೆಲವೇ ಹೊತ್ತಿನಲ್ಲಿ ಥರ್ಸ್‌ಬಿಯೂ ಸಾಯುತ್ತಾನೆ. ಮರುದಿನ ತಿಳಿಯುವಂತೆ ಆಕೆಗೆ ತಂಗಿಯೂ ಇಲ್ಲ, ವಂಡರ್ಲಿ ಎಂಬ ಹೆಸರೂ ಇಲ್ಲ. ಆಕೆ ಬ್ರಿಜಿಡ್ ಓಶಾನೆಸ್ಸಿ. ಆಗ ಸ್ಪೇಡ್ ಹೇಳುವ ಮಾತಿನ ಸಾರಾಂಶವಿಷ್ಟು: ನಿನ್ನ ಕಥೆಯನ್ನು ನಾವು ನಂಬಿರಲಿಲ್ಲ, ನಿನ್ನ ಇನ್ನೂರು ಡಾಲರನ್ನು ನಂಬಿದೆವು, ನಿಜ ಹೇಳಿದ್ದರೆ ಕೊಡಬೇಕಾಗಿದ್ದ ಹಣಕ್ಕಿಂತ ಅದು ಹೆಚ್ಚಿತ್ತು. ಇಡೀ ಪ್ರಕಾರದ ವ್ಯಾಕರಣ ಈ ಒಂದು ಉತ್ತರದಲ್ಲಿದೆ ಎಂದು ನನಗನ್ನಿಸುತ್ತದೆ. ಪತ್ತೇದಾರ ಮೋಸಹೋದವನಲ್ಲ. ಸುಳ್ಳೆಂದು ಗೊತ್ತಿದ್ದೂ ಸುಳ್ಳಿಗೆ ಬೆಲೆ ಕಟ್ಟಿ ತೆಗೆದುಕೊಂಡವನು.

ಕಥೆ ಏಕೆ ಕೈಗೆ ಸಿಗುವುದಿಲ್ಲ ಎಂಬುದಕ್ಕೆ ಇನ್ನೊಂದು ಸರಳ ಕಾರಣವಿದೆ. ಇಲ್ಲಿನ ಮುಖ್ಯ ಘಟನೆಗಳು ಬಹುಪಾಲು ತೆರೆಯ ಮೇಲೆ ನಡೆಯುವುದೇ ಇಲ್ಲ. ಎಲ್ಲರೂ ಬೆನ್ನುಹತ್ತಿರುವ, ರತ್ನಖಚಿತವೆಂದು ಹೇಳಲಾಗುವ ಕಪ್ಪು ಗಿಡುಗದ ಬೊಂಬೆ ಯಾರ ಕೈಯಿಂದ ಯಾರ ಕೈಗೆ ದಾಟಿತು, ಪೂರ್ವದೇಶಗಳಲ್ಲಿ ಯಾರು ಯಾರಿಗೆ ದ್ರೋಹ ಬಗೆದರು ಎಂಬುದೆಲ್ಲ ಚಿತ್ರ ಆರಂಭವಾಗುವ ಮೊದಲೇ ಮುಗಿದಿದೆ. ಥರ್ಸ್‌ಬಿಯ ಹೆಸರನ್ನು ಹತ್ತಾರು ಬಾರಿ ಕೇಳುತ್ತೇವೆ, ಅವನ ಮುಖವನ್ನು ಒಮ್ಮೆಯೂ ನೋಡುವುದಿಲ್ಲ. ನಡೆದದ್ದೆಲ್ಲ ನಮಗೆ ಮಾತಿನಲ್ಲಿ ಬರುತ್ತದೆ, ಅದೂ ಸುಳ್ಳುಗಾರರ ಮಾತಿನಲ್ಲಿ. ಬ್ರಿಜಿಡ್ ಒಂದು ಕಥೆ ಹೇಳುತ್ತಾಳೆ; ಅದು ಹರಿದಾಗ ಇನ್ನೊಂದನ್ನು ಹೊಲಿಯುತ್ತಾಳೆ; ಅದೂ ಹರಿದಾಗ ನಾಚಿಕೆಯಿಲ್ಲದೆ ಮೂರನೆಯದನ್ನು ಶುರುಮಾಡುತ್ತಾಳೆ. ಈ ಪಾತ್ರವನ್ನು ಮಾಡಿದ ಮೇರಿ ಆಸ್ಟರ್ ಪ್ರತಿ ಬಾರಿಯೂ ಉಸಿರು ಕಟ್ಟಿದವಳಂತೆ ಮಾತಾಡುವ ರೀತಿಯನ್ನು ಗಮನಿಸಬೇಕು: ಆ ಉಸಿರಾಟ ನಿಜವೋ ನಟನೆಯೋ ಎಂಬುದನ್ನು ಸ್ಪೇಡ್ ಕೂಡ ಸವಿಯುತ್ತಾ ಕುಳಿತಿರುತ್ತಾನೆ. ನೋಡುಗರು ಈ ಕಥೆಗಳನ್ನೆಲ್ಲ ಮಾಹಿತಿಯೆಂದು ನೆನಪಿಟ್ಟುಕೊಳ್ಳಲು ಹೋಗಿ ಸೋಲುತ್ತಾರೆ. ಅವು ಮಾಹಿತಿಯಲ್ಲ, ಸ್ವಭಾವದ ಸಾಕ್ಷ್ಯ.

ಹಾಗಾದರೆ ಕಥಾವಸ್ತುವಿನ ಏಣಿ ಯಾವುದು? ನಾನು ಮೂರನೆಯ ಬಾರಿ ನೋಡುವಾಗ ಒಂದು ಕಾಗದದಲ್ಲಿ ಹಣದ ಮೊತ್ತಗಳನ್ನಷ್ಟೇ ಬರೆದುಕೊಳ್ಳುತ್ತಾ ಹೋದೆ. ಮೊದಲು ಬ್ರಿಜಿಡ್ ಕೊಟ್ಟ 200 ಡಾಲರ್. ಆಮೇಲೆ ಆಕೆಯಿಂದಲೇ ಸ್ಪೇಡ್ ಕಿತ್ತುಕೊಳ್ಳುವ 500. ಅತ್ತರು ಪೂಸಿಕೊಂಡು ಬರುವ ಜೋಯೆಲ್ ಕೈರೋ ಬೊಂಬೆಗೆ 5,000 ಕೊಡುತ್ತೇನೆನ್ನುತ್ತಾನೆ. ದಪ್ಪಹೊಟ್ಟೆಯ ಗಟ್‌ಮನ್ ಅದನ್ನು 25,000ಕ್ಕೂ ಅದರಾಚೆಗೂ ಏರಿಸುತ್ತಾನೆ. ಕೊನೆಗೆ ಕೈಗೆ ಬರುವುದು 10,000 ಇರುವ ಒಂದು ಲಕೋಟೆ. ಏಣಿ ಹೀಗೆ ಏರುತ್ತಾ ಹೋಗಿ, ಬೊಂಬೆಯನ್ನು ಚಾಕುವಿನಿಂದ ಕೆರೆದಾಗ ಒಳಗಿರುವುದು ಬರೀ ಸೀಸವೆಂದು ಕಂಡಾಗ, ಒಮ್ಮೆಲೇ ಕುಸಿಯುತ್ತದೆ. ಗಟ್‌ಮನ್ ಹಣ ವಾಪಸ್ಸು ಕೇಳುತ್ತಾನೆ. ಸ್ಪೇಡ್ ಸಾವಿರದ ಒಂದು ನೋಟನ್ನು ತನ್ನ ಖರ್ಚಿಗೆಂದು ಉಳಿಸಿಕೊಂಡು, ಅದನ್ನೂ ಕೊನೆಗೆ ಲಂಚದ ಸಾಕ್ಷಿಯೆಂದು ಪೊಲೀಸರಿಗೆ ಒಪ್ಪಿಸುತ್ತಾನೆ. ನಾಲ್ಕೈದು ದಿನಗಳ ಓಡಾಟದಲ್ಲಿ ಮೂರು ಹೆಣ ಬಿದ್ದ ಮೇಲೆ ಆತನಿಗೆ ಉಳಿದ ಲಾಭ ಹೆಚ್ಚೇನೂ ಇಲ್ಲ. ಗಟ್‌ಮನ್ ಮಾತ್ರ ಹದಿನೇಳು ವರ್ಷ ಹುಡುಕಿದ್ದೇನೆ, ಇನ್ನೊಂದು ವರ್ಷವೇನು ಮಹಾ ಎಂದು ಇಸ್ತಾಂಬುಲ್ಲಿಗೆ ಹೊರಡಲು ಎದ್ದೇಳುತ್ತಾನೆ. ಈ ಪಾತ್ರ ಮಾಡಿದ, ರಂಗಭೂಮಿಯಿಂದ ಬಂದ ಸಿಡ್ನಿ ಗ್ರೀನ್‌ಸ್ಟ್ರೀಟ್‌ಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಇದು ಮೊದಲ ಸಿನಿಮಾ ಎಂದರೆ ನಂಬುವುದು ಕಷ್ಟ.

ಪಾತ್ರಗಳ ವಿಷಯಕ್ಕೆ ಬಂದರೆ, ನ್ವಾರ್ ಎಂದೊಡನೆ ಎಲ್ಲರೂ ಮೋಹಿನಿಯಂಥ ಹೆಣ್ಣೊಬ್ಬಳ ಮಾತೆತ್ತುತ್ತಾರೆ. ಬ್ರಿಜಿಡಳನ್ನು ಬರೀ ಮೋಹಿನಿ ಎಂದರೆ ಆಕೆಯ ಕೆಲಸ ಕಾಣದೆ ಹೋಗುತ್ತದೆ. ಆಕೆ ಒಂದೇ ದೇಹದಲ್ಲಿ ಕಕ್ಷಿದಾರಳು, ಪ್ರೇಯಸಿ, ಅಪರಾಧಿ; ಸಾಂಪ್ರದಾಯಿಕ ಪತ್ತೇದಾರಿ ಕಥೆ ಮೂರು ಪಾತ್ರಗಳಿಗೆ ಹಂಚುವ ಹೊಣೆಯನ್ನು ಇಲ್ಲಿ ಒಬ್ಬಳೇ ಹೊತ್ತಿದ್ದಾಳೆ. ಸ್ಪೇಡನ ಸ್ಥಿತಿಯೂ ಹಾಗೆಯೇ. ಸತ್ತ ಪಾಲುದಾರನ ಹೆಂಡತಿ ಐವಾಳೊಡನೆ ಆತನಿಗೆ ಸಂಬಂಧವಿದೆ, ಪೊಲೀಸರಿಗೆ ಆತನ ಮೇಲೇ ಅನುಮಾನ, ಆರ್ಚರನ ಹೆಸರನ್ನು ಬಾಗಿಲಿನಿಂದ ಅಳಿಸಿ ತನ್ನೊಬ್ಬನ ಹೆಸರು ಬರೆಸಲು ಆತ ಒಂದು ದಿನವೂ ಕಾಯುವುದಿಲ್ಲ. ಪೊಲೀಸರು ಇಲ್ಲಿ ದಡ್ಡರಲ್ಲ, ಅವರ ಅನುಮಾನಕ್ಕೆ ಅರ್ಥವಿದೆ. ಕಚೇರಿಯ ಕಾರ್ಯದರ್ಶಿ ಎಫಿಯೊಬ್ಬಳೇ ಸುಳ್ಳು ಹೇಳದವಳು. ವಿಚಿತ್ರವೆಂದರೆ ಬ್ರಿಜಿಡಳನ್ನು ಒಳ್ಳೆಯವಳೆಂದು ನಂಬುವವಳೂ ಅವಳೇ. ಪ್ರಾಮಾಣಿಕರ ಅಂದಾಜು ತಪ್ಪಾಗುವ ಜಗತ್ತಿದು. ಕೈರೋನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆತ ಚಿತ್ರಕ್ಕೆ ಬೇಕಾದ ನಗುವನ್ನು ತರುತ್ತಾನೆ. ಗಟ್‌ಮನ್ನನ ಕೈಕೆಳಗಿರುವ ವಿಲ್ಮರ್ ಎಂಬ ಪಿಸ್ತೂಲಿನ ಹುಡುಗ ಮಾತ್ರ ಮುಖ್ಯ.

ವಿಲ್ಮರನ ಮಹತ್ವ ಕಾಣುವುದು ಕೊನೆಯ ದೀರ್ಘ ದೃಶ್ಯದಲ್ಲಿ. ಇರುಳು ಕಳೆದು ಎಫಿ ಬೊಂಬೆಯ ಪೊಟ್ಟಣ ತರುವವರೆಗೆ ಐದೂ ಜನ ಸ್ಪೇಡನ ಮನೆಯ ಒಂದೇ ಕೋಣೆಯಲ್ಲಿ ಕಾಯಬೇಕು. ಕೊಲೆಗಳಿಗೆ ಉತ್ತರ ಕೊಡಲು ಪೊಲೀಸರಿಗೆ ಯಾರನ್ನಾದರೂ ಒಪ್ಪಿಸಲೇಬೇಕು ಎಂದು ಸ್ಪೇಡ್ ಪಟ್ಟುಹಿಡಿಯುತ್ತಾನೆ, ವಿಲ್ಮರನನ್ನು ಕೊಡಿ ಎನ್ನುತ್ತಾನೆ. ಗಟ್‌ಮನ್ ಮೊದಲು ಮಗನಂತಿರುವ ಹುಡುಗನೆಂದು ಮರುಗಿ, ಸ್ವಲ್ಪ ಹೊತ್ತಿಗೆ ಮಗನಾದರೆ ಇನ್ನೊಬ್ಬ ಸಿಗಬಹುದು, ಬೊಂಬೆ ಒಂದೇ ಇರುವುದು ಎಂಬ ಲೆಕ್ಕಕ್ಕೆ ಬರುತ್ತಾನೆ. ಇಲ್ಲಿ ಗುಂಡಿನ ಸದ್ದಿಲ್ಲ, ಓಟವಿಲ್ಲ, ಒಂದು ಸಂತೆಯ ವ್ಯವಹಾರವಷ್ಟೇ ಇದೆ. ಇಡೀ ಚಿತ್ರ ನನಗೆ ಈ ದೃಶ್ಯಕ್ಕಾಗಿಯೇ ಕಟ್ಟಿದಂತೆ ಕಾಣುತ್ತದೆ.

ಯಾರು ಯಾರನ್ನು ಕೊಂದರು ಎಂಬ ಪ್ರಶ್ನೆಗೆ ಉತ್ತರ ಎರಡು ವಾಕ್ಯದಷ್ಟೇ. ಥರ್ಸ್‌ಬಿಯನ್ನೂ ಬೊಂಬೆಯನ್ನು ತಂದ ಹಡಗಿನ ಕ್ಯಾಪ್ಟನ್ ಜಕೋಬಿಯನ್ನೂ ಕೊಂದವನು ವಿಲ್ಮರ್. ಆರ್ಚರನನ್ನು ಕೊಂದವಳು ಬ್ರಿಜಿಡ್, ಕೊಲೆಯ ಹೊಣೆ ಥರ್ಸ್‌ಬಿಯ ತಲೆಗೆ ಬರಲೆಂದು. ಇದರ ಸುಳಿವನ್ನು ಹ್ಯೂಸ್ಟನ್ ಬಚ್ಚಿಟ್ಟಿಲ್ಲ ಎಂಬುದೇ ನನಗೆ ಇಷ್ಟವಾದ ಸಂಗತಿ. ಆರ್ಚರನ ಕೊಲೆಯ ದೃಶ್ಯದಲ್ಲಿ ಆತನ ಮುಖವೂ ಎದುರಿನ ಬಂದೂಕೂ ಕಾಣುತ್ತವೆ, ಅದನ್ನು ಹಿಡಿದವರು ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಹೆಣದ ಬಳಿ ನಿಂತ ಪೊಲೀಸ್ ಅಧಿಕಾರಿ, ಆತನ ಪಿಸ್ತೂಲು ಸೊಂಟದಲ್ಲೇ ಇತ್ತು, ಕೋಟಿನ ಗುಂಡಿ ಹಾಕಿತ್ತು ಎಂದು ಹೇಳಿಬಿಡುತ್ತಾನೆ. ಅನುಭವಿ ಪತ್ತೇದಾರನೊಬ್ಬ ತಾನು ಹಿಂಬಾಲಿಸುತ್ತಿದ್ದ ಗಂಡಸಿನ ಜೊತೆ ಕತ್ತಲ ಓಣಿಗೆ ಹಾಗೆ ಹೋಗುವುದಿಲ್ಲ. ಸಂಶಯವೇ ಬಾರದ ಒಬ್ಬರ ಜೊತೆ, ಅಂದರೆ ಅಂದು ಮಧ್ಯಾಹ್ನ ಹಣ ಕೊಟ್ಟವಳ ಜೊತೆ, ಹೋಗಬಲ್ಲ. ಸ್ಪೇಡ್ ಈ ಮಾತನ್ನು ಬಾಯಿಬಿಟ್ಟು ಹೇಳುವುದು ಚಿತ್ರದ ಕೊನೆಯಲ್ಲಿ, ಆಕೆಯನ್ನು ಪೊಲೀಸರಿಗೆ ಒಪ್ಪಿಸುವ ಮೊದಲು. ಹಾಗಾದರೆ ಆತನಿಗೆ ಎಂದಿನಿಂದ ಗೊತ್ತಿತ್ತು? ಮೊದಲ ರಾತ್ರಿಯಿಂದಲೇ ಎಂದು ನಾನು ನಂಬುತ್ತೇನೆ. ಆ ನಂಬಿಕೆಯಿಟ್ಟು ಮತ್ತೆ ನೋಡಿದರೆ ಅವರಿಬ್ಬರ ಪ್ರೇಮದ ದೃಶ್ಯಗಳು ಬೇರೆಯೇ ಆಗುತ್ತವೆ. ಲಿಫ್ಟಿನ ಕಂಬಿಬಾಗಿಲು ಆಕೆಯ ಮುಖದ ಮುಂದೆ ಜೈಲಿನ ಸರಳುಗಳಂತೆ ಮುಚ್ಚಿಕೊಳ್ಳುವಾಗ ಆತ ಬೊಂಬೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿಯುತ್ತಾನೆ.

ಕಕ್ಷಿದಾರರ ಮೇಲೆ ಕಣ್ಣಿಡುವ ಈ ಉಪಾಯ ಒಂದೇ ಚಿತ್ರಕ್ಕೆ ಸಲ್ಲುವುದೆಂದು ಯಾರಾದರೂ ಆಕ್ಷೇಪಿಸಿದರೆ 1974ರ 'ಚೈನಾಟೌನ್' ನೋಡಲು ಹೇಳುತ್ತೇನೆ. ರಾಬರ್ಟ್ ಟೌನ್ ಬರೆದು ರೋಮನ್ ಪೋಲಾನ್‌ಸ್ಕಿ ನಿರ್ದೇಶಿಸಿದ ಆ ಚಿತ್ರದಲ್ಲಿ 1937ರ ಲಾಸ್ ಏಂಜಲಿಸ್ ಇದೆ, ಕುಡಿಯುವ ನೀರಿನ ಹೆಸರಿನಲ್ಲಿ ನಡೆಯುವ ಭೂಕಬಳಿಕೆ ಇದೆ. ಗಿಟ್ಟಿಸ್ ಎಂಬ ಪತ್ತೇದಾರನ ಬಳಿಗೆ ಮಿಸೆಸ್ ಮಲ್‌ರೇ ಎಂದು ಹೇಳಿಕೊಂಡು ಬರುವವಳು ಹಣಕ್ಕಾಗಿ ವೇಷ ಹಾಕಿದವಳು. ನಿಜವಾದ ಮಿಸೆಸ್ ಮಲ್‌ರೇ ವಕೀಲನೊಡನೆ ಬಂದು ನಿಂತಾಗಲೇ ಆತನಿಗೆ ಬೆವರೊಡೆಯುತ್ತದೆ. ಆಮೇಲೆ ಅವಳೇ ಕಕ್ಷಿದಾರಳಾಗುತ್ತಾಳೆ. ಅನಂತರ ಅವಳ ತಂದೆ ನೋವಾ ಕ್ರಾಸ್ ಒಬ್ಬ ಹುಡುಗಿಯನ್ನು ಹುಡುಕಿಕೊಡೆಂದು ಅದೇ ಪತ್ತೇದಾರನನ್ನು ಗೊತ್ತುಮಾಡುತ್ತಾನೆ. ಮೂರು ಕಕ್ಷಿದಾರರು, ಮೂರು ಬೇರೆ ಬೇರೆ ಕಥೆಗಳು. ಸ್ಪೇಡನಿಗೆ ತನ್ನ ಕಕ್ಷಿದಾರಳು ಯಾರೆಂದು ಸಮಯಕ್ಕೆ ಮುಂಚೆ ತಿಳಿದಿತ್ತು. ಗಿಟ್ಟಿಸನಿಗೆ ತಿಳಿಯುವಷ್ಟರಲ್ಲಿ ಆತನೇ ಕ್ರಾಸನಿಗೆ ದಾರಿ ತೋರಿಸಿ ಆಗಿರುತ್ತದೆ. ಪತ್ತೇದಾರನ ಹೆಸರನ್ನು ಉದ್ದಕ್ಕೂ ತಪ್ಪಾಗಿಯೇ ಉಚ್ಚರಿಸುವ ಆ ಕ್ರಾಸನ ಪಾತ್ರ ಮಾಡಿದವನು ಮೂವತ್ತಮೂರು ವರ್ಷ ಹಿಂದೆ ಸ್ಪೇಡನ ಚಿತ್ರವನ್ನು ನಿರ್ದೇಶಿಸಿದ್ದ ಅದೇ ಜಾನ್ ಹ್ಯೂಸ್ಟನ್.

ಇಷ್ಟೆಲ್ಲ ಹೇಳಿದ ಮೇಲೂ ಹೌವರ್ಡ್ ಹಾಕ್ಸ್ ನಿರ್ದೇಶಿಸಿದ 1946ರ 'ದಿ ಬಿಗ್ ಸ್ಲೀಪ್' ನೋಡಿದವರು ನನ್ನನ್ನು ಬಿಡುವುದಿಲ್ಲ. ಶ್ರೀಮಂತರ ಮನೆಯ ಕಾರು ಚಾಲಕ ಓವೆನ್ ಟೇಲರ್ ಕಾರಿನೊಡನೆ ಸಮುದ್ರದಲ್ಲಿ ಸತ್ತು ಸಿಗುತ್ತಾನಲ್ಲ, ಅವನನ್ನು ಕೊಂದವರು ಯಾರು? ಚಿತ್ರತಂಡ ಇದೇ ಪ್ರಶ್ನೆಯನ್ನು ಮೂಲ ಕಾದಂಬರಿಕಾರ ರೇಮಂಡ್ ಚಾಂಡ್ಲರ್‌ಗೆ ತಂತಿ ಕಳಿಸಿ ಕೇಳಿದಾಗ ತನಗೂ ಗೊತ್ತಿಲ್ಲವೆಂಬ ಉತ್ತರ ಬಂದ ಪ್ರಸಂಗ ಪ್ರಸಿದ್ಧವಾಗಿದೆ. ಅದಕ್ಕಿಂತ ಕುತೂಹಲದ ಸಂಗತಿ ಬೇರೊಂದಿದೆ. 1945ರಲ್ಲಿ ಸೈನಿಕರಿಗೆ ತೋರಿಸಿದ ಈ ಚಿತ್ರದ ಮೊದಲ ಆವೃತ್ತಿಯಲ್ಲಿ ಪತ್ತೇದಾರ ಮಾರ್ಲೋ ಸರ್ಕಾರಿ ವಕೀಲನ ಕಚೇರಿಯಲ್ಲಿ ಕುಳಿತು ನಡೆದದ್ದನ್ನೆಲ್ಲ ವಿವರಿಸುವ ದೃಶ್ಯವೊಂದಿತ್ತು. ಬಿಡುಗಡೆಗೆ ಮುಂಚೆ ಅದನ್ನು ತೆಗೆದು, ಬೋಗಾರ್ಟ್ ಮತ್ತು ಲಾರೆನ್ ಬಕಾಲ್ ಮಾತಿಗೆ ಮಾತು ಜೋಡಿಸುವ ಹೊಸ ದೃಶ್ಯಗಳನ್ನು ಸೇರಿಸಿದರು. ಜನ ಮೆಚ್ಚಿದ್ದು ವಿವರಣೆ ಇಲ್ಲದ ಚಿತ್ರವನ್ನೇ.

ಆದರೂ ಚಾಲಕನ ಪ್ರಶ್ನೆಗೆ ನನ್ನ ಬಳಿ ಒಂದು ಉತ್ತರವಿದೆ. ಆರ್ಕಿಡ್ ಗಿಡಗಳ ಸೆಕೆಯ ಗಾಜಿನ ಮನೆಯಲ್ಲಿ ಕುಳಿತ, ಆ ಚಾಲಕನ ಯಜಮಾನನಾದ ಮುದಿ ಜನರಲ್ ದಿನಕ್ಕೆ 25 ಡಾಲರ್ ಮತ್ತು ಖರ್ಚಿನ ಲೆಕ್ಕದಲ್ಲಿ ಮಾರ್ಲೋನನ್ನು ಗೊತ್ತುಮಾಡಿದ್ದು ಮಗಳ ಹೆಸರಿನಲ್ಲಿ ಹಣ ಕೀಳುತ್ತಿದ್ದ ಪುಸ್ತಕದಂಗಡಿಯವನ ಕಾಟ ತಪ್ಪಿಸಲು. ಆತನ ಬಾಯಲ್ಲಿದ್ದದ್ದು ಅದು. ಮನಸ್ಸಿನಲ್ಲಿದ್ದದ್ದು ಕಾಣೆಯಾದ ರೀಗನ್ ಎಂಬ ಪ್ರೀತಿಯ ಬಂಟ. ಮಾರ್ಲೋ ಈ ಎರಡನ್ನೂ ಕೊನೆಮುಟ್ಟಿಸುತ್ತಾನೆ. ಚಾಲಕನ ಸಾವನ್ನು ಪತ್ತೆಮಾಡಲು ಯಾರೂ ಹಣ ಕೊಟ್ಟಿರಲಿಲ್ಲ.