ಪ್ಲೆಸೆಂಟ್ ಪ್ಲೇನ್ಸ್: ಕುದುರೆ ಏರಿದ ಪಾದ್ರಿ, ಹೊಲ ಕಾದ ಫ್ರಾನ್ಸಿಸ್

ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿಗೆ ಬರುವ ನಮ್ಮ ಜನ ಲಿಂಕನ್ ಮನೆ, ಲಿಂಕನ್ ಸಮಾಧಿ ನೋಡಿ ವಾಪಸ್ ಹೊರಟುಬಿಡುತ್ತಾರೆ. ಅಲ್ಲಿಂದ 125ನೇ ನಂಬರಿನ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಸುಮಾರು 800 ಜನರ ಒಂದು ಪುಟ್ಟ ಊರು ಸಿಗುತ್ತದೆ. ಹೆಸರು ಪ್ಲೆಸೆಂಟ್ ಪ್ಲೇನ್ಸ್. ಲಿಂಕನ್‌ನನ್ನು ಒಂದು ಚುನಾವಣೆಯಲ್ಲಿ ಸೋಲಿಸಿ, ಇನ್ನೊಂದರಲ್ಲಿ ಅವನಿಂದಲೇ ಸೋತ ಪೀಟರ್ ಕಾರ್ಟ್‌ರೈಟ್ ಬಾಳಿದ್ದು ಇಲ್ಲಿ. ಅವನು ಮೆಥೋಡಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಪಾದ್ರಿ. ಜೊತೆಗೆ ರೈತ.

ನಾವಿರುವುದು ಬ್ಲೂಮಿಂಗ್ಟನ್‌ನಲ್ಲಿ. ಅಲ್ಲಿನ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯವನ್ನು 1850ರಲ್ಲಿ ಹುಟ್ಟುಹಾಕಿದವರಲ್ಲಿ ಕಾರ್ಟ್‌ರೈಟ್ ಕೂಡ ಒಬ್ಬ. ಹಾಗಾಗಿ ಹೆಸರು ಗೊತ್ತಿತ್ತು. ಅಕ್ಟೋಬರ್ ಕೊನೆಯಲ್ಲಿ ಕೋಲಾರದಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೊರಟೆ.

"ಮೆಥೋಡಿಸ್ಟ್ ಅಂದ್ರೆ ನಮ್ಮ ಇಟಿಸಿಎಂ ಆಸ್ಪತ್ರೆಯೋರಾ?" ಅಂತ ಅಮ್ಮ ಕೇಳಿದರು. ಹೌದು, 1910ರಲ್ಲಿ ಕೋಲಾರದಲ್ಲಿ ಆ ಆಸ್ಪತ್ರೆ ಶುರು ಮಾಡಿದ್ದು ಅಮೆರಿಕದ ಇದೇ ಪಂಗಡದ ಮಿಷನ್‌ನವರು.

ದಾರಿಯ ಎರಡೂ ಕಡೆ ಮುಸುಕಿನ ಜೋಳದ ಕೊಯ್ಲು ನಡೆದಿತ್ತು. ದೊಡ್ಡ ಯಂತ್ರಗಳು ಧೂಳೆಬ್ಬಿಸಿಕೊಂಡು ಸಾಗುತ್ತಿದ್ದವು. ಒಂದು ಕಡೆ ಕಾರು ನಿಲ್ಲಿಸಿದೆವು. ಅಮ್ಮ ಹೊಲದಂಚಿನ ಮಣ್ಣನ್ನು ಹಿಡಿಯಷ್ಟು ಎತ್ತಿ ಉಜ್ಜಿ ನೋಡಿದರು. ಕಪ್ಪಂದ್ರೆ ಕಪ್ಪು, ಬೆರಳಿಗೆ ಅಂಟಿಕೊಂಡಿತು. ಕೆಂಪು ಮಣ್ಣಲ್ಲಿ ರಾಗಿ ಬೆಳೆದ ಮನೆಯವರು ಅವರು. "ಇಂಥ ಮಣ್ಣಿಗೆ ಯಾರಾದ್ರೂ ಊರು ಬಿಟ್ಟು ಬರ್ತಾರೆ" ಅಂದರು.

ಕಾರ್ಟ್‌ರೈಟ್ ಬಂದದ್ದು ಮಣ್ಣಿಗಾಗಿ ಮಾತ್ರ ಅಲ್ಲ. ಹುಟ್ಟಿದ್ದು 1785ರಲ್ಲಿ, ವರ್ಜೀನಿಯಾದಲ್ಲಿ. ಬೆಳೆದದ್ದು ಕೆಂಟಕಿಯಲ್ಲಿ. ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು, ಅವನಿಗೆ ಅದು ಆಗುತ್ತಿರಲಿಲ್ಲ. 1856ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಊರು ಬಿಟ್ಟ ಕಾರಣಗಳನ್ನು ನೇರವಾಗಿ ಹೇಳುತ್ತಾನೆ. ಗುಲಾಮಗಿರಿಯ ಕೆಡುಕಿನಿಂದ ದೂರ ಹೋಗಬೇಕು. ಮೈಮುರಿದು ದುಡಿಯುವುದು ಅವಮಾನ ಅಲ್ಲದ ಕಡೆ ಮಕ್ಕಳು ಬೆಳೆಯಬೇಕು. ಅವರಿಗೆ ನಾಲ್ಕು ಎಕರೆ ಜಮೀನು ಅಂತ ಆಗಬೇಕು. ಹೊಸ ಸೀಮೆಗೆ ಬಂದು ಚರ್ಚಿಲ್ಲದೆ ಕೂತವರಿಗೆ ಬೋಧಿಸಬೇಕು. ಪಾದ್ರಿಯೊಬ್ಬ ಬೋಧನೆಯನ್ನು ಕೊನೆಗಿಟ್ಟು ಮಕ್ಕಳನ್ನು ಮುಂದಿಟ್ಟದ್ದು ನನಗೆ ಬಹಳ ಹಿಡಿಸಿತು.

1824ರ ಅಕ್ಟೋಬರ್‌ನಲ್ಲಿ ಸಂಸಾರ ಹೊರಟಿತು. ದಾರಿಯಲ್ಲಿ ಒಂದು ರಾತ್ರಿ ಮರದ ಬುಡದಲ್ಲಿ ಬೆಂಕಿ ಹಾಕಿಕೊಂಡು ಬಯಲಲ್ಲೇ ಮಲಗಿದರು. ಬೆಳಗಿನ ಜಾವ ಮರ ಉರುಳಿತು. ಮೂರನೇ ಮಗಳ ಮೇಲೆ ಬಿತ್ತು. ಮಗು ಅಲ್ಲೇ ಹೋಯಿತು. ಆ ಮರದ ಬಗ್ಗೆ ಕಾರ್ಟ್‌ರೈಟ್ ಬರೆದದ್ದು ನನ್ನನ್ನು ಬಿಡುತ್ತಿಲ್ಲ: ಹೊರಗೆ ಚಾಕುವಿನ ಬೆನ್ನಿನಷ್ಟು ದಪ್ಪ ಮಾತ್ರ ಗಟ್ಟಿ, ಒಳಗೆಲ್ಲ ಒಣಗಿ ಲಡ್ಡು ಹಿಡಿದಿತ್ತು. ದೇಹವನ್ನು ಬಂಡಿಯಲ್ಲಿ ಹೊತ್ತು ಮೈಲಿಗಟ್ಟಲೆ ಹೋಗಿ, ಇಲಿನಾಯ್‌ನ ಹ್ಯಾಮಿಲ್ಟನ್ ಕೌಂಟಿಯಲ್ಲಿ ಮಣ್ಣು ಮಾಡಿದರು. ಉಳಿದವರು ನವೆಂಬರ್‌ನಲ್ಲಿ ರಿಚ್‌ಲ್ಯಾಂಡ್ ಕ್ರೀಕ್ ಹಳ್ಳದ ಹತ್ತಿರದ ಈ ಹೊಲಕ್ಕೆ ಬಂದು ಸೇರಿದರು.

ಈ ಕಥೆ ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಅವರು ಕೇಳಿದ್ದು ನನಗೆ ಹೊಳೆದೇ ಇರಲಿಲ್ಲ. "ಅಲ್ಲ ಕಣೇ, ಈ ಯಪ್ಪ ಕುದುರೆ ಹತ್ತಿ ಊರೂರು ತಿರುಗ್ತಿದ್ರೆ ಹೊಲ ನೋಡ್ಕೋತಿದ್ದೋರು ಯಾರು?"

ಫ್ರಾನ್ಸಿಸ್. 1808ರಲ್ಲಿ ಅವನ ಕೈ ಹಿಡಿದ ಫ್ರಾನ್ಸಿಸ್ ಗೇನ್ಸ್. ಇಬ್ಬರು ಗಂಡು, ಏಳು ಹೆಣ್ಣು, ಒಟ್ಟು ಒಂಬತ್ತು ಮಕ್ಕಳ ತಾಯಿ. ಸರ್ಕಿಟ್ ಪಾದ್ರಿ ಅಂದರೆ ಮನೆಯಲ್ಲಿ ಇರುವವನಲ್ಲ. ಜೀನಿನ ಚೀಲದಲ್ಲಿ ಬೈಬಲ್, ಹಾಡಿನ ಪುಸ್ತಕ ಇಟ್ಟುಕೊಂಡು ವಾರಗಟ್ಟಲೆ ತಿರುಗುವವನು. ಆ ಕಾಲದಲ್ಲಿ ಚರ್ಚ್ ಗೊತ್ತುಮಾಡಿದ್ದ ಸಂಬಳ ವರ್ಷಕ್ಕೆ 80 ಡಾಲರ್, 1816ರ ನಂತರ 100. ಅದೂ ಎಷ್ಟೋ ಸಲ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಹೊಲ ಇಲ್ಲದಿದ್ದರೆ ಒಲೆ ಉರಿಯುತ್ತಿರಲಿಲ್ಲ. ಕಾರ್ಟ್‌ರೈಟ್ ತನ್ನ ಜೀವಮಾನದಲ್ಲಿ ಮಾಡಿದ ಪ್ರವಚನಗಳು ಸುಮಾರು 14,600 ಅಂತ ಹೇಳುತ್ತಾರೆ. ಅಷ್ಟಕ್ಕೂ ಬಲ ಕೊಟ್ಟದ್ದು ಫ್ರಾನ್ಸಿಸ್ ಮತ್ತು ಮಕ್ಕಳು ಬೆವರು ಸುರಿಸಿದ ಈ ಕಪ್ಪು ಮಣ್ಣು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಚುನಾವಣೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1832ರಲ್ಲಿ ರಾಜ್ಯದ ಶಾಸನಸಭೆಗೆ ಕಾರ್ಟ್‌ರೈಟ್ ಗೆದ್ದ, ಲಿಂಕನ್ ಸೋತ. 1846ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಲಿಂಕನ್ ಸುಮಾರು 1,500 ಮತಗಳಿಂದ ಗೆದ್ದ. ಅದಾದ ಮೇಲೆ ನಡೆದದ್ದು ಇದಕ್ಕಿಂತ ದೊಡ್ಡದು. 1859ರಲ್ಲಿ ಇದೇ ಊರಿನ ಔಷಧಿ ಅಂಗಡಿಯಲ್ಲಿ ಜಗಳವಾಗಿ, ಕಾರ್ಟ್‌ರೈಟ್‌ನ ಮೊಮ್ಮಗ ಕ್ವಿನ್ ಹ್ಯಾರಿಸನ್, ಗ್ರೀಕ್ ಕ್ರಾಫ್ಟನ್ ಅನ್ನುವ ಯುವಕನಿಗೆ ಚಾಕು ಹಾಕಿದ. ಕ್ರಾಫ್ಟನ್ ಉಳಿಯಲಿಲ್ಲ. ಅವನು ಲಿಂಕನ್ ಕಚೇರಿಯಲ್ಲೇ ಕಾನೂನು ಕಲಿತಿದ್ದ ಹುಡುಗ. ಮೊಮ್ಮಗನ ಪರ ವಾದಿಸಿದ್ದು ಲಿಂಕನ್! ಮುದುಕ ಕಾರ್ಟ್‌ರೈಟ್ ಕಟಕಟೆಯಲ್ಲಿ ನಿಂತು, ಸಾಯುವ ಮೊದಲು ಕ್ರಾಫ್ಟನ್ ತಾನೇ ಇದನ್ನು ಮೈಮೇಲೆ ಎಳೆದುಕೊಂಡೆ, ಕ್ವಿನ್‌ನನ್ನು ಕ್ಷಮಿಸಿದ್ದೇನೆ ಅಂದ ಎಂದು ಸಾಕ್ಷಿ ಹೇಳಿದ. ಮೊಮ್ಮಗ ಬಿಡುಗಡೆಯಾದ. ಹಳೇ ಎದುರಾಳಿಯ ಮನೆ ಮಗನಿಗಾಗಿ ಲಿಂಕನ್ ನಿಂತದ್ದು ಕೇಳಿ ಅಮ್ಮನಿಗೆ ಖುಷಿ. ಆದರೆ "ಸತ್ತ ಹುಡುಗನ ತಾಯಿ ಗತಿ?" ಅಂತಲೂ ಕೇಳಿದರು.

ಊರಿನ ಸ್ಮಶಾನದಲ್ಲಿ ಗಂಡ ಹೆಂಡತಿ ಇಬ್ಬರ ಸಮಾಧಿಯೂ ಇದೆ. ಅವನು ತೀರಿಕೊಂಡದ್ದು 1872ರಲ್ಲಿ, ಅವಳು 1876ರಲ್ಲಿ. ಊರಿನ ಮೆಥೋಡಿಸ್ಟ್ ಚರ್ಚಿಗೆ ಇಂದಿಗೂ ಪೀಟರ್ ಕಾರ್ಟ್‌ರೈಟ್ ಹೆಸರಿದೆ. ಆ ಹೆಸರಿನ ಪಕ್ಕ ಫ್ರಾನ್ಸಿಸ್ ಹೆಸರೂ ಇರಬೇಕಿತ್ತು, ಅಲ್ವಾ? ಅಮ್ಮನ ಪ್ರಕಾರ ಅವಳ ಹೆಸರೇ ಮೊದಲು ಬರಬೇಕು.