ಬಂದರು ಉಳಿಸಿಕೊಂಡ ಊರು

ಹೇಯ್‌ಮಾಯ್ ದ್ವೀಪಕ್ಕೆ ಹೋಗುವ ಹಡಗು ಎಲ್ಲಿಂದ ಹೊರಡಬೇಕು ಅನ್ನುವುದನ್ನು ಮುಕ್ಕಾಲುಪಾಲು ತೀರ್ಮಾನಿಸುವುದು ಮರಳು. ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಲ್ಲಿ ಲಾಂಡೆಯಾಹೊಫ್ನ್ ಅಂತ ಒಂದು ಚಿಕ್ಕ ಬಂದರಿದೆ. ಅಲ್ಲಿಂದಾದರೆ ಸುಮಾರು ನಲವತ್ತು ನಿಮಿಷದ ದಾರಿ. ಆದರೆ ಹಿಮನದಿಗಳಿಂದ ಇಳಿದು ಬರುವ ಹೊಳೆಗಳು ಕಪ್ಪು ಮರಳನ್ನು ತಂದು ಆ ಕರಾವಳಿಗೆ ಸುರಿಯುತ್ತಲೇ ಇರುತ್ತವೆ. ಬಂದರಿನ ಬಾಯಲ್ಲಿ ಮರಳು ತುಂಬಿದರೆ, ಇಲ್ಲವೇ ಅಲೆ ಜೋರಾದರೆ, ಹಡಗು ಪಶ್ಚಿಮದ ಇನ್ನೊಂದು ಬಂದರಿಗೆ ಹೋಗುತ್ತದೆ. ಆಗ ಪ್ರಯಾಣ ಎರಡೂವರೆ ಗಂಟೆಗೂ ಜಾಸ್ತಿ. 2010ರಲ್ಲಿ ಎಯ್ಯಾಫ್ಯಾಟ್ಲಯೋಕುಲ್ ಎಂಬ ಜ್ವಾಲಾಮುಖಿ ಬೂದಿ ಉಗುಳಿ ಯೂರೋಪಿನ ವಿಮಾನಗಳನ್ನೆಲ್ಲ ನಿಲ್ಲಿಸಿತ್ತಲ್ಲ, ಈ ಬಂದರು ಶುರುವಾದದ್ದು ಅದೇ ವರ್ಷದ ಜುಲೈನಲ್ಲಿ. ಆ ಬೂದಿಯೂ ಹೊಳೆ ನೀರಿನ ಜೊತೆ ಬಂದು ಇಲ್ಲೇ ಸೇರಿತು.

ತಂಗಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಆಗಸ್ಟ್ ಕೊನೆಯಾಗಿತ್ತು. ನಾರ್ದರ್ನ್ ಲೈಟ್ಸ್ ತೋರಿಸ್ತೀಯಾ ಅಂದೆ. ‘ಅದನ್ನ ಎಲ್ಲರೂ ನೋಡ್ತಾರೆ ಅಕ್ಕಾ, ಈಗ ಪಫಿನ್ ಹಕ್ಕಿ ಮರಿ ಬೀಳೋ ಕಾಲ, ಹೇಯ್‌ಮಾಯ್‌ಗೆ ಹೋಗೋಣ’ ಅಂದಳು. ಮರಿ ಬೀಳುವುದು ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ಕೇಳಿದರೂ ಹೇಳಲಿಲ್ಲ. ‘ರಟ್ಟಿನ ಡಬ್ಬಿ ಇದ್ದರೆ ಹಿಡ್ಕೋ’ ಅಷ್ಟೇ ಅಂದಳು.

ಹಡಗು ದ್ವೀಪದ ಹತ್ತಿರ ಬಂದಂತೆ ಕಡಿದಾದ ಬಂಡೆಗಳ ನಡುವೆ ಒಂದು ಕಿರಿದಾದ ಸಂದು ಕಾಣುತ್ತದೆ. ಅದೇ ಬಂದರಿನ ಬಾಗಿಲು. ಬಲಗಡೆ ಹಸಿರು ಬಂಡೆ, ಹಕ್ಕಿಗಳ ಹಿಕ್ಕೆಯಿಂದ ಬಿಳಿ ಬಿಳಿ. ಎಡಗಡೆ ಕಪ್ಪು ಕಲ್ಲಿನ ರಾಶಿ. ಆ ಎಡಗಡೆಯ ಕಲ್ಲು ನನಗಿಂತ ಏನೂ ಬಹಳ ಹಿರಿಯದಲ್ಲ. 1973ಕ್ಕೆ ಮುಂಚೆ ಅಲ್ಲಿ ಸಮುದ್ರವಿತ್ತು.

ಆ ವರ್ಷ ಜನವರಿ 23ರ ನಡುರಾತ್ರಿ ಕಳೆದ ಮೇಲೆ, ಸುಮಾರು ಎರಡು ಗಂಟೆಗೆ, ಊರಿನ ಪೂರ್ವದ ಹೊಲಗಳಲ್ಲಿ ನೆಲ ಸೀಳಿತು. ಒಂದೂವರೆ ಕಿಲೋಮೀಟರಿಗೂ ಉದ್ದದ ಬಿರುಕು, ಅದರುದ್ದಕ್ಕೂ ಬೆಂಕಿಯ ಗೋಡೆ. ಕೊನೆಯ ಮನೆಗಳಿಂದ ಅದು ಕೆಲವೇ ನೂರು ಮೀಟರ್ ದೂರ. ಊರಲ್ಲಿ ಆಗ ಸುಮಾರು 5,300 ಜನ. ಹಿಂದಿನ ದಿನ ಬಿರುಗಾಳಿ ಎದ್ದಿದ್ದರಿಂದ ಮೀನು ದೋಣಿಗಳು ಕಡಲಿಗೆ ಇಳಿದಿರಲಿಲ್ಲ, ಎಲ್ಲವೂ ಬಂದರಿನಲ್ಲೇ ನಿಂತಿದ್ದವು. ರಾತ್ರಿ ಹೊತ್ತಿಗೆ ಗಾಳಿಯೂ ಇಳಿದಿತ್ತು. ಹಾಗಾಗಿ ಬೆಳಗಾಗುವುದರೊಳಗೆ ಹೆಚ್ಚುಕಡಿಮೆ ಇಡೀ ಊರು ಮುಖ್ಯಭೂಮಿ ಸೇರಿತು. ದೋಣಿಗಳು ಎಂದಿನಂತೆ ಹೊರಟುಹೋಗಿದ್ದರೆ ಏನಾಗುತ್ತಿತ್ತೋ.

ನಾವು ಉಳಿದುಕೊಂಡ ಮನೆಯ ಯಜಮಾನತಿಗೆ ಆಗ ಒಂಬತ್ತೋ ಹತ್ತೋ ವರ್ಷ. ನಾನು ಆ ರಾತ್ರಿಯ ಬಗ್ಗೆ ಕೇಳಿದಾಗ ಅವರು ಬೆಂಕಿಯ ಮಾತೇ ಎತ್ತಲಿಲ್ಲ. ದೋಣಿಯಲ್ಲಿ ಮೀನಿನ ವಾಸನೆಗೆ ಎಲ್ಲರೂ ವಾಂತಿ ಮಾಡಿಕೊಂಡದ್ದು, ಅಪ್ಪ ದಡದಲ್ಲೇ ಉಳಿದದ್ದು, ನೈಟ್‌ಡ್ರೆಸ್ಸಿನ ಮೇಲೇ ಕೋಟು ಹಾಕಿಕೊಂಡು ಬಂದಿದ್ದ ಟೀಚರನ್ನು ನೋಡಿ ಮಕ್ಕಳೆಲ್ಲ ನಕ್ಕದ್ದು, ಇಷ್ಟೇ. ‘ಅಪ್ಪ ಯಾಕೆ ಉಳಿದರು?’ ಅಂದೆ. ‘ಬಂದರು ಇತ್ತಲ್ಲ’ ಅಂದರು, ಇದೂ ಒಂದು ಪ್ರಶ್ನೆಯೇ ಅನ್ನುವ ಹಾಗೆ.

ಸಂಗತಿ ಏನೆಂದರೆ ಸುಮಾರು 400 ಮನೆಗಳು ಬೂದಿಗೂ ಲಾವಾರಸಕ್ಕೂ ಹೋದವು. ಚಾವಣಿಗಳ ಮೇಲಿನ ಬೂದಿಯನ್ನು ಸಲಿಕೆ ಹಿಡಿದು ಎಳೆದು ಹಾಕಿದರು, ಉಳಿಸಲು ಆಗುವ ಮನೆಗಳನ್ನು ಉಳಿಸಿದರು, ನಿಜ. ಆದರೆ ಪಟ್ಟು ಹಿಡಿದು ನಿಂತದ್ದು ಮಾತ್ರ ಬಂದರಿಗಾಗಿ. ಲಾವಾರಸ ಬಂದರಿನ ಬಾಯಿಯತ್ತ ನಿಧಾನವಾಗಿ ತೆವಳಿ ಬರುತ್ತಿತ್ತು. ಬಾಯಿ ಮುಚ್ಚಿದರೆ ದೋಣಿಗಳಿಗೆ ಜಾಗವಿಲ್ಲ. ದೋಣಿಯಿಲ್ಲದಿದ್ದರೆ ಮೀನಿಲ್ಲ. ಮೀನಿಲ್ಲದ ಮೇಲೆ ಆ ಬಂಡೆಯ ಮೇಲೆ ಮನೆ ಇಟ್ಟುಕೊಂಡು ಮಾಡುವುದಾದರೂ ಏನು? ಆಗ ಥೋರ್‌ಬ್ಯೋರ್ನ್ ಸಿಗುರ್ಗೇರ್ಸನ್ ಎಂಬ ಭೌತಶಾಸ್ತ್ರದ ಪ್ರೊಫೆಸರ್, ಸಮುದ್ರದ ನೀರು ಎರಚಿ ಅಂಚನ್ನು ಗಟ್ಟಿ ಮಾಡೋಣ ಅಂದರು. ಅಂಚು ಗಟ್ಟಿಯಾದರೆ ಅದೇ ಗೋಡೆಯಾಗುತ್ತದೆ, ಹಿಂದಿನಿಂದ ಬರುವ ರಸ ಅಲ್ಲೇ ಏರಿ ನಿಲ್ಲುತ್ತದೆ ಅನ್ನುವುದು ಲೆಕ್ಕ. ಮೊದಲು ಅಗ್ನಿಶಾಮಕದ ಪೈಪು ಹಿಡಿದು ಶುರು ಮಾಡಿದರು. ನೋಡಿದವರು ನಕ್ಕರಂತೆ. ಆಮೇಲೆ ಅಮೆರಿಕದಿಂದ ದೊಡ್ಡ ಪಂಪುಗಳು ಬಂದವು. ಇನ್ನೂ ಕೆಂಡವಾಗಿದ್ದ ಲಾವಾದ ಮೇಲೆಯೇ ಪೈಪು ಎಳೆದು ತಿಂಗಳುಗಟ್ಟಲೆ ನೀರು ಸುರಿದರು. ಜುಲೈ ಮೊದಲ ವಾರಕ್ಕೆ ಜ್ವಾಲಾಮುಖಿ ತಣ್ಣಗಾದಾಗ ಬಂದರು ಉಳಿದಿತ್ತು. ಉಳಿದದ್ದಷ್ಟೇ ಅಲ್ಲ, ಹೊಸ ಲಾವಾ ಪೂರ್ವದ ಅಲೆಗಳಿಗೆ ಅಡ್ಡ ನಿಂತು ಅದು ಮೊದಲಿಗಿಂತ ಒಳ್ಳೆಯ ಬಂದರಾಯಿತು. ಇಷ್ಟೆಲ್ಲದರಲ್ಲಿ ಸತ್ತದ್ದು ಒಬ್ಬ, ಅದೂ ವಿಷಗಾಳಿಯಿಂದ.

ಮಧ್ಯಾಹ್ನ ಎಲ್ಡ್‌ಫೆಲ್ ಹತ್ತಿದೆವು. ಆ ಜ್ವಾಲಾಮುಖಿ ಬಿಟ್ಟುಹೋದ ಗುಡ್ಡ ಇದೇ. ಎತ್ತರ ಸುಮಾರು 200 ಮೀಟರ್. ಕೆಂಪು ಜಲ್ಲಿ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ತುದಿಯ ಹತ್ತಿರ ಕಲ್ಲಿನ ಸಂದಿಗೆ ಕೈ ಇಟ್ಟೆ. ಬೆಚ್ಚಗಿತ್ತು. ಬಿಸಿಲಿನ ಬಿಸಿ ಇರಬೇಕು ಅಂದುಕೊಂಡೆ, ಆದರೆ ಬಿಸಿಲೆಲ್ಲಿತ್ತು? ಗಾಳಿ ಮಾತ್ರ ಸುಮ್ನೆ ತಳ್ಳುತ್ತಿತ್ತು. ಈ ಬಿಸಿಯನ್ನೂ ಊರಿನವರು ಬಿಡಲಿಲ್ಲ. ವಾಪಸು ಬಂದ ಮೇಲೆ ಲಾವಾದೊಳಗೆ ಪೈಪು ಇಳಿಸಿ, ನೀರು ಕಾಯಿಸಿ, ಎಷ್ಟೋ ವರ್ಷ ಊರಿನ ಮನೆಗಳನ್ನು ಅದರಿಂದಲೇ ಬೆಚ್ಚಗಿಟ್ಟುಕೊಂಡರು. ಬೂದಿಯನ್ನು ವಿಮಾನ ನಿಲ್ದಾಣದ ರನ್‌ವೇ ಉದ್ದ ಮಾಡಲು ಹಾಕಿದರು.

ಗುಡ್ಡದ ಮೇಲಿಂದ ನೈಋತ್ಯಕ್ಕೆ ನೋಡಿದರೆ ಸುರ್ಟ್ಸೇ ಕಾಣುತ್ತದೆ. 1963ರ ನವೆಂಬರಿನಲ್ಲಿ ಸಮುದ್ರದಿಂದ ಎದ್ದ ದ್ವೀಪ. ಅಲ್ಲಿಗೆ ವಿಜ್ಞಾನಿಗಳನ್ನು ಬಿಟ್ಟರೆ ಯಾರಿಗೂ ಪ್ರವೇಶವಿಲ್ಲ. ಬರಿ ಕಲ್ಲಿನ ಮೇಲೆ ಗಿಡ, ಹುಳು, ಹಕ್ಕಿ ತಾವಾಗಿಯೇ ಹೇಗೆ ನೆಲೆಸುತ್ತವೆ ಅಂತ ನೋಡುತ್ತಿದ್ದಾರೆ. ಇನ್ನೊಂದು ಕಡೆ ಎಲ್ಲಿಡಾಯ್ ಅಂತ ಒಂದು ದ್ವೀಪ, ಅದರ ಹುಲ್ಲಿನ ಮೇಲೆ ಒಂದೇ ಒಂದು ಬಿಳಿ ಮನೆ. ‘ಜಗತ್ತಿನ ಅತಿ ಒಂಟಿ ಮನೆ’ ಅಂತ ವಾಟ್ಸಾಪಿನಲ್ಲಿ ಓಡಾಡುವ ಫೋಟೋ ನೋಡಿರುತ್ತೀರಿ, ಅದೇ. ಒಂಟಿಯೂ ಇಲ್ಲ, ಏನೂ ಇಲ್ಲ. ಪಫಿನ್ ಬೇಟೆಗೆ ಹೋಗುವವರು ಸೇರಿ ಕಟ್ಟಿಕೊಂಡ ಬಿಡಾರ ಅದು.

ಇಳಿಯುವಾಗ ಲಾವಾದ ಮೇಲಿನ ದಾರಿ ಹಿಡಿದೆವು. ಅಲ್ಲಲ್ಲಿ ಬೋರ್ಡುಗಳಿವೆ: ಈ ಜಾಗದ ಕೆಳಗೆ ಇಂಥ ಬೀದಿ ಇದೆ ಅಂತ. ಎಷ್ಟೋ ಮೀಟರ್ ಕಲ್ಲು, ಅದರ ಮೇಲೆ ಪಾಚಿ, ಪಾಚಿಯ ಮೇಲೆ ಬೀದಿಯ ಹೆಸರು. ನಾವಿಬ್ಬರೂ ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ನಮ್ಮ ಅಮ್ಮನ ತವರು ಲಿಂಗನಮಕ್ಕಿ ಹಿನ್ನೀರಿನ ಕೆಳಗಿದೆ. ಸಾಗರದ ಕಡೆ ‘ಮುಳುಗಡೆಯವರು’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಯಾವ ನೀರಿನ ಕೆಳಗೆ ಯಾವ ಊರು ಅಂತ ತೋರಿಸುವ ಬೋರ್ಡನ್ನು ನಾನು ಕಂಡಿಲ್ಲ. ಅಜ್ಜಿ ಬೆರಳು ತೋರಿಸಿ ಹೇಳುತ್ತಿದ್ದರು, ಅವರ ಜೊತೆಗೇ ಅದೂ ಹೋಯಿತು. ತಂಗಿ ಬೋರ್ಡಿನ ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. ‘ಚಳಿಗೆ ಕಿವಿ ಮುಚ್ಕೊಂಡಿದೀರಾ?’ ಅಂತ ಉತ್ತರ ಬಂತು.

ಎಲ್ಡ್‌ಹೇಮರ್ ಮ್ಯೂಸಿಯಂ ಬಗ್ಗೆ ಉದ್ದ ಬರೆಯುವುದಿಲ್ಲ. ಬೂದಿಯಿಂದ ಅಗೆದು ತೆಗೆದ ಒಂದು ಮನೆಯ ಸುತ್ತ ಕಟ್ಟಿದ್ದು, 2014ರಲ್ಲಿ ತೆರೆದದ್ದು. ಒಳಗಿನ ಮುರಿದ ಅಡಿಗೆಮನೆ ನೋಡಿ ಬೇರೆಯವರ ಮನೆಯೊಳಗೆ ಇಣುಕಿದ ಹಾಗಾಗಿ ನಾನು ಬೇಗ ಹೊರಗೆ ಬಂದೆ.

ಇನ್ನು ಮರಿ ಬೀಳುವ ವಿಷಯ. ಪಫಿನ್ ಅಂದರೆ ಕಿತ್ತಳೆ ಕೊಕ್ಕಿನ, ಕಪ್ಪುಬಿಳುಪಿನ ಕಡಲ ಹಕ್ಕಿ. ಈ ದ್ವೀಪಗಳಲ್ಲಿ ಅದು ಲಕ್ಷಗಟ್ಟಲೆ ಇದೆ. ಬಂಡೆಯಂಚಿನ ಹುಲ್ಲಿನಲ್ಲಿ ಬಿಲ ತೋಡಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಬೆಳೆದ ಮರಿ ರಾತ್ರಿ ಹೊತ್ತು ಒಂಟಿಯಾಗಿ ಬಿಲದಿಂದ ಹೊರಬಿದ್ದು, ಕಡಲ ಮೇಲಿನ ಬೆಳಕು ನೋಡಿ ಹಾರಬೇಕು. ಆದರೆ ಊರಿನ ದೀಪಗಳು ಅದಕ್ಕೆ ದಾರಿ ತಪ್ಪಿಸುತ್ತವೆ. ಬೀದಿಗೆ, ಅಂಗಳಕ್ಕೆ, ಮೀನು ಫ್ಯಾಕ್ಟರಿಯ ಹಿಂದೆ ಬಂದು ಬೀಳುತ್ತವೆ. ನೆಲದಿಂದ ಮತ್ತೆ ಏಳಲು ಬರುವುದಿಲ್ಲ. ಬೆಕ್ಕು, ಕಾರು ಎರಡೂ ಕಾಯುತ್ತಿರುತ್ತವೆ.

ಅದಕ್ಕೇ ಊರಿನ ಮಕ್ಕಳು ಆ ಕೆಲವು ವಾರ ರಾತ್ರಿ ಮಲಗುವುದಿಲ್ಲ. ಯಜಮಾನತಿಯ ಮೊಮ್ಮಗಳು, ಎಂಟು ವರ್ಷದವಳು, ನಮ್ಮ ನಾಯಕಿ. ಕೈಗೆ ಗವಸು, ಕೈಯಲ್ಲಿ ಟಾರ್ಚು. ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಜ್ಜಿಗೆ ನಿಲ್ಲಿಸು, ಹೋಗು, ನಿಲ್ಲಿಸು ಅಂತ ಆಜ್ಞೆ ಮಾಡುತ್ತಿದ್ದಳು. ಬಂದರಿನ ಬಳಿ ಆ ಹೊತ್ತಿನಲ್ಲಿ ಎಷ್ಟು ಕಾರು, ಎಷ್ಟು ಮಕ್ಕಳು! ಜಾತ್ರೆ ಗದ್ದಲ. ನನಗೆ ಸಿಕ್ಕಿದ ಮರಿ ಒಂದು ಟೈರಿನ ಹಿಂದೆ ಅಡಗಿತ್ತು. ದೊಡ್ಡವುಗಳ ಬಣ್ಣದ ಕೊಕ್ಕು ಇನ್ನೂ ಬಂದಿಲ್ಲ, ಬೂದು ಮುಖ. ಹಿಡಿದ ಕೂಡಲೇ ಬೆರಳು ಕಚ್ಚಿತು. ‘ಹಾಗಲ್ಲ’ ಅಂತ ಹುಡುಗಿ ನನ್ನ ಕೈಯಿಂದ ಕಿತ್ತುಕೊಂಡು ಡಬ್ಬಿಗೆ ಇಳಿಸಿದಳು.

ಬೆಳಿಗ್ಗೆ ತೂಕ ಹಾಕಿಸಬೇಕು. ಪ್ರತಿ ಮರಿಯ ತೂಕವನ್ನೂ ಬರೆದಿಡುತ್ತಾರೆ, ಆ ವರ್ಷ ಕಡಲಲ್ಲಿ ಆಹಾರ ಹೇಗಿತ್ತು ಅನ್ನುವುದು ಅದರಿಂದ ಗೊತ್ತಾಗುತ್ತದೆ. 2005ರ ಸುಮಾರಿನಿಂದ ಸ್ಯಾಂಡ್‌ಈಲ್ ಎಂಬ ಸಣ್ಣ ಮೀನು ಕಡಿಮೆಯಾಗಿ ಎಷ್ಟೋ ವರ್ಷ ಮರಿಗಳೇ ಬದುಕಲಿಲ್ಲ. ಆ ವರ್ಷಗಳಲ್ಲಿ ಮಕ್ಕಳು ಖಾಲಿ ಡಬ್ಬಿ ಹಿಡಿದು ಸುತ್ತಿದರಂತೆ. ನನ್ನ ಮರಿ 270 ಗ್ರಾಂ ತೂಗಿತು. ಪರವಾಗಿಲ್ಲ, ಅಂದಳು ನಾಯಕಿ.

ಆಮೇಲೆ ಪಶ್ಚಿಮದ ಬಂಡೆಯಂಚಿಗೆ ಹೋದೆವು. ಎರಡೂ ಕೈಯಲ್ಲಿ ಹಿಡಿದು, ಕಾಲಿನ ನಡುವಿನಿಂದ ಬೀಸಿ ಮೇಲಕ್ಕೆ ಎಸೆಯಬೇಕು. ಎಸೆಯುವುದಾ? ಅಂತ ನನಗೆ ಭಯ. ಎಸೆದೆ. ಒಂದು ಕ್ಷಣ ಕಲ್ಲಿನ ಹಾಗೆ ಹೋಯಿತು, ಆಮೇಲೆ ರೆಕ್ಕೆ ಪಟಪಟ ಬಡಿದು ನೀರಿನ ಕಡೆ ಇಳಿಯಿತು.

ವಾಪಸು ಬರುವಾಗ ಮನಸ್ಸಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: ನೀವು ಪಫಿನ್ ತಿನ್ನುತ್ತೀರಂತೆ, ಹೌದಾ? ಯಜಮಾನತಿ ಸಂಕೋಚವೇ ಇಲ್ಲದೆ ಹೌದು ಅಂದರು. ಉದ್ದ ಕೋಲಿನ ಬಲೆಯಲ್ಲಿ ಹಾರುವ ಹಕ್ಕಿಯನ್ನು ಹಿಡಿಯುತ್ತಾರೆ, ಅವು ಹೆಚ್ಚಾಗಿ ಇನ್ನೂ ಜೋಡಿಯಾಗದ ಎಳೆಯ ಹಕ್ಕಿಗಳು. ಹಕ್ಕಿ ಕಡಿಮೆಯಾದ ಮೇಲೆ ಬೇಟೆಯ ದಿನಗಳನ್ನೂ ಬಹಳ ಇಳಿಸಿದ್ದಾರೆ. ಬೀದಿಗೆ ಬಿದ್ದ ಮರಿಯನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ‘ಅದು ಮಕ್ಕಳದ್ದು’ ಅಂದರು.

ಸಸ್ಯಾಹಾರಿಯಾದ ತಂಗಿ ಹಿಂದಿನ ಸೀಟಿನಿಂದ ‘ರುಚಿ ಹೇಗಿರತ್ತೆ?’ ಅಂತ ಕೇಳಿದಳು. ಮೊಮ್ಮಗಳು ಮೂಗು ಸಿಂಡರಿಸಿ, ತನಗೆ ಪಿಜ್ಜಾನೇ ಇಷ್ಟ ಅಂದಳು.