ಮನೆ ಮತ್ತು ವರ್ಕ್‌ಶಾಪಿಗೆ ಸಣ್ಣ ಕಾರ್ಡ್‌ಲೆಸ್ ಡ್ರಿಲ್: ಆಯ್ಕೆ ಎಲ್ಲಿಗೆ ಬಂತು

ಸದ್ಯದ ಸ್ಥಿತಿ

ಆಯ್ಕೆ 12 ವೋಲ್ಟ್ ವರ್ಗಕ್ಕೆ ಬಂದು ನಿಂತಿದೆ. ಹ್ಯಾಮರ್ (ತಿರುಗುತ್ತಲೇ ಬಡಿಯುವ ವ್ಯವಸ್ಥೆ) ಇಲ್ಲದ, ಎರಡು ಗೇರಿನ, ಕೀಲಿಯಿಲ್ಲದೆ ಕೈಯಲ್ಲೇ ಬಿಗಿಯುವ 10 ಮಿ.ಮೀ. ಚಕ್ (ಬಿಟ್ ಹಿಡಿಯುವ ಬಾಯಿ) ಇರುವ ಡ್ರಿಲ್, ಜೊತೆಗೆ 2 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಎರಡು. ಬಾಷ್ ಜಿಎಸ್‌ಆರ್ 120-ಎಲ್‌ಐ ಮತ್ತು ಮಕೀಟಾ ಡಿಎಫ್333ಡಿ ಪಟ್ಟಿಯಲ್ಲಿ ಉಳಿದಿವೆ. ಎರಡರದ್ದೂ ಗರಿಷ್ಠ ಟಾರ್ಕ್ (ತಿರುಚುವ ಬಲ) 30 ನ್ಯೂಟನ್ ಮೀಟರ್. ಕಾಂಕ್ರೀಟ್ ಕೊರೆಯುವ ಕೆಲಸವನ್ನು ಈ ಮಷಿನ್‌ನಿಂದ ಬೇರ್ಪಡಿಸಿದ ಮೇಲೆಯೇ ಆಯ್ಕೆ ಇಷ್ಟು ಸಲೀಸಾದದ್ದು. ಅದರ ಕಾರಣ ಮುಂದೆ ಇದೆ.

ಮೊದಲು ತೂತುಗಳ ಪಟ್ಟಿ

ಡ್ರಿಲ್ ನೋಡುವ ಮೊದಲು ಕೊರೆಯಬೇಕಾದ ತೂತುಗಳನ್ನು ಬರೆದಿಟ್ಟುಕೊಳ್ಳಬೇಕು. ಇಲ್ಲಿನ ಪಟ್ಟಿ ಹೀಗಿದೆ: 19 ಮಿ.ಮೀ. ಪ್ಲೈವುಡ್ ಬಾಗಿಲುಗಳಿಗೆ ಆಟೋ ಹಿಂಜ್ (ತಾನೇ ಮುಚ್ಚಿಕೊಳ್ಳುವ ಕಪಾಟಿನ ಕೀಲು) ಕೂರಿಸುವ 35 ಮಿ.ಮೀ. ಗುಳಿ, 8 ನಂಬರ್ ಸ್ಕ್ರೂಗಳಿಗೆ ಪೈಲಟ್ ತೂತು (ಸ್ಕ್ರೂಗೆ ಮೊದಲು ಕೊರೆಯುವ ಸಣ್ಣ ತೂತು) ಮತ್ತು ಅದೇ ಸ್ಕ್ರೂ ಬಿಗಿಯುವುದು, ಸ್ಟ್ಯಾಂಡಿಗೆ 5 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಕಬ್ಬಿಣ) ಆ್ಯಂಗಲ್‌ನಲ್ಲಿ 6 ಮತ್ತು 8 ಮಿ.ಮೀ. ತೂತು, ಇಟ್ಟಿಗೆ ಗೋಡೆಯಲ್ಲಿ ಅಪರೂಪಕ್ಕೆ ರಾಲ್ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ಪ್ಲಾಸ್ಟಿಕ್ ತುಂಡು).

ಇದರಲ್ಲಿ ಮಷಿನ್‌ಗೆ ನಿಜವಾದ ಪರೀಕ್ಷೆ 35 ಮಿ.ಮೀ. ಹಿಂಜ್ ಬಿಟ್. ಒಂದೇ ಬಗೆಯ ಬಿಟ್‌ನಲ್ಲಿ ವ್ಯಾಸ ಎರಡು ಪಟ್ಟಾದರೆ, ಪ್ರತಿ ಸುತ್ತಿನಲ್ಲೂ ಅಷ್ಟೇ ಆಳ ಇಳಿಸುವುದಾದರೆ, ಬೇಕಾಗುವ ಟಾರ್ಕ್ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ಕತ್ತರಿಸುವ ಅಂಚೂ ಉದ್ದವಾಗುತ್ತದೆ, ಅದು ಅಕ್ಷದಿಂದ ದೂರವೂ ಹೋಗುತ್ತದೆ. 30 ನ್ಯೂಟನ್ ಮೀಟರ್‌ನ ಮಷಿನ್ ಈ ಬಿಟ್ಟನ್ನು ಮೊದಲನೇ ಗೇರಿನಲ್ಲಿ ಆರಾಮಾಗಿ ಎಳೆಯುತ್ತದೆ. ಎರಡನೇ ಗೇರಿನಲ್ಲಿ ಒತ್ತಿದರೆ ಮಧ್ಯದಲ್ಲೇ ನಿಲ್ಲುತ್ತದೆ. ನಿಂತ ಮೇಲೂ ಟ್ರಿಗರ್ ಹಿಡಿದೇ ಇದ್ದರೆ ಮೋಟಾರು ಬಿಸಿಯಾಗುತ್ತದೆ, ಕಾರ್ಬನ್ ಬ್ರಷ್ ಇರುವ ಮೋಟಾರಾದರೆ ಸುಟ್ಟ ವಾಸನೆಯೂ ಬರುತ್ತದೆ. ತಪ್ಪು ಮಷಿನ್‌ನದಲ್ಲ, ಗೇರಿನದು.

ಗುಳಿಯ ಆಳ ಸುಮಾರು 12 ಮಿ.ಮೀ. ಸಾಕು. ಬಾಗಿಲಿನ ಅಂಚಿಗೂ ಗುಳಿಗೂ ನಡುವೆ 4 ಮಿ.ಮೀ. ಬಿಟ್ಟರೆ ಕೇಂದ್ರ ಅಂಚಿನಿಂದ 21.5 ಮಿ.ಮೀ.ಗೆ ಬರುತ್ತದೆ. 19 ಮಿ.ಮೀ. ಹಲಗೆಯಲ್ಲಿ ಕೆಳಗೆ 7 ಮಿ.ಮೀ. ಉಳಿಯುತ್ತದೆ, ಆದರೆ ಬಿಟ್‌ನ ನಡುವಿನ ಮೊಳೆ ಇನ್ನೂ ಕೆಳಗೆ ಇಳಿದಿರುತ್ತದೆ ಎಂಬುದು ನೆನಪಿರಲಿ. 12 ಮಿ.ಮೀ. ಪ್ಲೈ ಬಳಸುವವರ ಲ್ಯಾಮಿನೇಟ್ ಹೊರಗಡೆ ಸೀಳುವುದು ಇದರಿಂದಲೇ.

ವೋಲ್ಟ್ ಎಂಬ ಸಂಖ್ಯೆ

ಅಂಗಡಿಯಲ್ಲಿ ಅತಿ ಹೆಚ್ಚು ಗೊಂದಲ ಇಲ್ಲೇ. ಲಿಥಿಯಂ-ಅಯಾನ್ ಸೆಲ್ ಒಂದರ ಸಾಮಾನ್ಯ ವೋಲ್ಟೇಜ್ 3.6, ಪೂರ್ತಿ ಚಾರ್ಜ್ ಆದಾಗ 4.2. ಮೂರು ಸೆಲ್ ಸಾಲಾಗಿ ಜೋಡಿಸಿದರೆ 10.8 ವೋಲ್ಟ್. ಇದನ್ನೇ ‘12 ವೋಲ್ಟ್’ ಎಂದು ಮಾರುವುದು. ಐದು ಸೆಲ್ ಆದರೆ 18 ವೋಲ್ಟ್. ‘20 ವೋಲ್ಟ್ ಮ್ಯಾಕ್ಸ್’, ‘21 ವೋಲ್ಟ್’ ಎಂದು ಬರೆದಿರುವುದೂ ಇದೇ ಐದು ಸೆಲ್‌ನದು. ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ಮಷಿನ್‌ಗಳ ಮೇಲಿನ ‘48 ವಿಎಫ್’, ‘88 ವಿಎಫ್’ ಸ್ಟಿಕ್ಕರ್‌ಗಳನ್ನು ವೋಲ್ಟೇಜ್ ಎಂದು ಓದಲೇಬಾರದು.

ಪರೀಕ್ಷೆ ಸುಲಭ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಪ್ಲಸ್-ಮೈನಸ್ ಟರ್ಮಿನಲ್‌ಗಳ ನಡುವೆ ಅಳೆದು 4.2ರಿಂದ ಭಾಗಿಸಿದರೆ ಸಾಲಿನಲ್ಲಿರುವ ಸೆಲ್‌ಗಳ ಸಂಖ್ಯೆ ಸಿಗುತ್ತದೆ. 12.6 ಬಂದರೆ ಮೂರು, 21 ಬಂದರೆ ಐದು. ಮೀಟರಿನ ಎರಡು ಕಡ್ಡಿಗಳು ಒಂದಕ್ಕೊಂದು ತಾಗದಂತೆ ಜಾಗ್ರತೆ, ಈ ಸೆಲ್‌ಗಳು ಶಾರ್ಟ್ ಆದರೆ ಬೆಂಕಿಯೇ ಹತ್ತಬಹುದು.

ಶಕ್ತಿಯ ಲೆಕ್ಕಕ್ಕೆ ವೋಲ್ಟನ್ನು ಎಎಚ್‌ನಿಂದ ಗುಣಿಸಬೇಕು. 10.8 × 2 ಅಂದರೆ 21.6 ವ್ಯಾಟ್ ಅವರ್. 18 × 2 ಅಂದರೆ 36. ಹೆಚ್ಚು ಕರೆಂಟ್ ಕೊಡಬಲ್ಲ ಸೆಲ್‌ನಿಂದ 20 ಆಂಪಿಯರ್ ಎಳೆದರೆ ಮೊದಲನೆಯದರಲ್ಲಿ ಸುಮಾರು 216 ವ್ಯಾಟ್, ಎರಡನೆಯದರಲ್ಲಿ 360. ಅದೇ ಮಷಿನ್‌ಗೆ 2 ಎಎಚ್ ಬದಲು 4 ಎಎಚ್ ಬ್ಯಾಟರಿ ಹಾಕಿದಾಗ ಬಲ ಹೆಚ್ಚಾದಂತೆ ಅನಿಸುವುದು ಭ್ರಮೆಯಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡು ಸಾಲು ಸೆಲ್ ಸಮಾಂತರವಾಗಿ ಇರುವುದರಿಂದ ಪ್ರತಿ ಸೆಲ್ ಮೇಲಿನ ಹೊರೆ ಅರ್ಧವಾಗುತ್ತದೆ, ಒತ್ತಡ ಬಿದ್ದಾಗ ವೋಲ್ಟೇಜ್ ಕುಸಿಯುವುದು ಕಡಿಮೆ.

ಹಾಗಾದರೆ 18 ವೋಲ್ಟ್ ಯಾಕೆ ಬೇಡ? ತೂಕ ಮತ್ತು ಮಣಿಕಟ್ಟು. ಬ್ಯಾಟರಿ ಸೇರಿ 12 ವೋಲ್ಟ್‌ನದು ಸುಮಾರು 1 ಕೆ.ಜಿ., 18ರದು ಸುಮಾರು 1.5 ಕೆ.ಜಿ. ಕಪಾಟಿನೊಳಗೆ ತಲೆ ತೂರಿಸಿ, ಕೈ ಮೇಲೆತ್ತಿ ಸ್ಕ್ರೂ ಹಾಕುವಾಗ ಆ ಅರ್ಧ ಕೆ.ಜಿ. ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು, ಬಿಟ್ ಸಿಕ್ಕಿಕೊಂಡಾಗ ಮಷಿನ್ ಕೈ ತಿರುಚುವ ರೀತಿ. ಚಕ್‌ನ ಅಕ್ಷದಿಂದ ಅಂಗೈಗೆ 12 ಸೆಂ.ಮೀ. ಎಂದಿಟ್ಟುಕೊಂಡರೆ 30 ನ್ಯೂಟನ್ ಮೀಟರ್ ಎಂದರೆ ಹಿಡಿಯ ಮೇಲೆ ಸುಮಾರು 25 ಕೆ.ಜಿ. ತಳ್ಳಿದಂತೆ. 60 ನ್ಯೂಟನ್ ಮೀಟರ್ ಆದರೆ 50 ಕೆ.ಜಿ. ಪಕ್ಕದ ಹಿಡಿಕೆ ಇಲ್ಲದ ಮಷಿನ್‌ನಲ್ಲಿ ಇದು ಮಣಿಕಟ್ಟಿಗೆ ಪೆಟ್ಟು. ದೊಡ್ಡ ಹೋಲ್ ಸಾ (ಅಗಲ ತೂತು ಕತ್ತರಿಸುವ ದುಂಡು ಗರಗಸ) ನಿತ್ಯ ಬಳಸುವವರು 18 ವೋಲ್ಟ್ ಮತ್ತು ಪಕ್ಕದ ಹಿಡಿಕೆಯನ್ನು ಒಟ್ಟಿಗೇ ತೆಗೆದುಕೊಳ್ಳಲಿ.

ಹ್ಯಾಮರ್ ಕೈಬಿಟ್ಟದ್ದು

ಸಣ್ಣ ಇಂಪ್ಯಾಕ್ಟ್ ಡ್ರಿಲ್‌ನೊಳಗೆ ಇರುವುದು ಹಲ್ಲಿನ ಎರಡು ಬಿಲ್ಲೆ. ಒಂದರ ಮೇಲೊಂದು ಜಾರುತ್ತಾ ನಿಮಿಷಕ್ಕೆ ಸಾವಿರಾರು ಸಲ ಸಣ್ಣದಾಗಿ ಬಡಿಯುತ್ತವೆ. ಪ್ರತಿ ಪೆಟ್ಟಿನ ಬಲ ನಾವು ಹಿಂದಿನಿಂದ ಒತ್ತುವುದರ ಮೇಲೆ ನಿಂತಿದೆ. ಎಸ್‌ಡಿಎಸ್-ಪ್ಲಸ್ (ಬಿಟ್ಟನ್ನು ತಳ್ಳಿ ಸಿಕ್ಕಿಸುವ ಬಗೆಯ) ಹ್ಯಾಮರ್ ಮಷಿನ್‌ನಲ್ಲಿ ಗಾಳಿಯ ಒತ್ತಡದಿಂದ ಪಿಸ್ಟನ್ ಬಡಿಯುತ್ತದೆ. ಬಾಷ್ ಜಿಬಿಎಚ್ 2-26ರಲ್ಲಿ ಒಂದು ಪೆಟ್ಟಿಗೆ 2.7 ಜೂಲ್. ಆರ್‌ಸಿಸಿ ಬೀಮ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ಮಾತೇ ಬೇಡ. ಸಣ್ಣದು ಜಲ್ಲಿಕಲ್ಲು ಸಿಕ್ಕ ಕಡೆ ನಿಂತುಬಿಡುತ್ತದೆ, ಮ್ಯಾಸನ್ರಿ ಬಿಟ್‌ನ ತುದಿ ನೀಲಿಯಾಗುತ್ತದೆ, ಬ್ಯಾಟರಿಯೂ ಬೇಗ ಖಾಲಿ. ಪರದೆಯ ರಾಡ್ ಬರುವುದೇ ಕಿಟಕಿಯ ಲಿಂಟಲ್ ಮೇಲೆ, ಅದೂ ಕಾಂಕ್ರೀಟೇ. ಇಂಥ ಕೆಲಸಕ್ಕೆ ವೈರಿನ ಹ್ಯಾಮರ್ ಮಷಿನ್ ಬಾಡಿಗೆಗೆ ತರುವುದೇ ಸರಿ.

ಕರಾವಳಿಯ ಕೆಂಪುಕಲ್ಲು ಮತ್ತು ಹೊಸ ಅಪಾರ್ಟ್‌ಮೆಂಟ್‌ಗಳ ಎಎಸಿ (ಗಾಳಿ ಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕ್‌ಗೆ ಹ್ಯಾಮರ್ ಬೇಡವೇ ಬೇಡ. ಬಡಿದರೆ ತೂತಿನ ಬಾಯಿ ಉದುರಿ ಅಗಲವಾಗುತ್ತದೆ, ರಾಲ್ ಪ್ಲಗ್ ಸ್ಕ್ರೂ ಜೊತೆಗೇ ತಿರುಗುತ್ತದೆ. ಮ್ಯಾಸನ್ರಿ ಬಿಟ್ ಹಾಕಿ ಬರೀ ತಿರುಗಿಸಿ, ಪುಡಿ ಊದಿ, ಉದ್ದನೆಯ ಪ್ಲಗ್ ಹಾಕಿ.

ಕಬ್ಬಿಣಕ್ಕೆ ವೇಗ

ಎಂಎಸ್‌ಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ವೇಗದಲ್ಲಿ ಓಡಬೇಕು. 25,000ವನ್ನು ವ್ಯಾಸದ 3.14 ಪಟ್ಟಿನಿಂದ ಭಾಗಿಸಿದರೆ ಆರ್‌ಪಿಎಂ: 5 ಮಿ.ಮೀ.ಗೆ ಸುಮಾರು 1,600, 10 ಮಿ.ಮೀ.ಗೆ ಸುಮಾರು 800. ಈ ವರ್ಗದ ಮಷಿನ್‌ಗಳ ಎರಡನೇ ಗೇರು 5-6 ಮಿ.ಮೀ.ಗೆ ಸರಿಯಾಗಿ ಕೂರುತ್ತದೆ. 8 ಮಿ.ಮೀ. ತೂತಿಗೆ ಮೊದಲು 4 ಹೊಡೆದು, ಆಮೇಲೆ ಮೊದಲನೇ ಗೇರಿನಲ್ಲಿ 8. ಸ್ಟೇನ್‌ಲೆಸ್ 304ಕ್ಕೆ ವೇಗ ಅರ್ಧಕ್ಕಿಂತ ಕಡಿಮೆ ಇರಲಿ, ಕೋಬಾಲ್ಟ್ ಬಿಟ್, ಎಣ್ಣೆ, ಬಿಡದೆ ಒಂದೇ ಸಮ ಒತ್ತಡ. ಒತ್ತದೆ ಬರೀ ತಿರುಗಿಸಿದರೆ ಮೇಲ್ಮೈ ಗಡುಸಾಗಿ ಬಿಟ್ ಮುಂದೆ ಹೋಗುವುದೇ ಇಲ್ಲ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಟೂಲ್ ಅಂಗಡಿಗಳಲ್ಲಿ ಕೇಳಿದರೆ ಬ್ಯಾಟರಿ ಹಾಕಿ ತೋರಿಸುತ್ತಾರೆ. ನೇರವಾದ ಹೊಸ 6 ಮಿ.ಮೀ. ಬಿಟ್ ಜೇಬಿನಲ್ಲಿರಲಿ. ಚಕ್‌ಗೆ ಹಾಕಿ ನಿಧಾನ ತಿರುಗಿಸಿ ತುದಿಯನ್ನೇ ನೋಡಿ. ಕಣ್ಣಿಗೆ ಕಾಣುವಷ್ಟು ಓಲಾಡಿದರೆ ಒಮ್ಮೆ ಬಿಚ್ಚಿ ಮತ್ತೆ ಹಾಕಿ. ಆಗಲೂ ಓಲಾಡಿದರೆ ಬೇರೆ ಪೀಸ್ ಕೇಳಿ. ಚಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ಸಡಿಲ ಸಿಗಬಾರದು. ಟ್ರಿಗರನ್ನು ಕೂದಲೆಳೆಯಷ್ಟು ಒತ್ತಿದಾಗ ತೀರಾ ನಿಧಾನವಾಗಿ ತಿರುಗಲು ಶುರುವಾಗಬೇಕು, ಸ್ಕ್ರೂ ತಲೆ ಕೆಡದಿರುವುದು ಇದರಿಂದಲೇ. ಬಿಟ್ಟ ಕೂಡಲೇ ಚಕ್ ತಟ್ಟನೆ ನಿಲ್ಲಬೇಕು. ಗೇರು ಬದಲಿಸುವುದು ಮಷಿನ್ ನಿಂತಾಗ ಮಾತ್ರ.

ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ) ಮೋಟಾರಿಗೆ ಹೆಚ್ಚು ದುಡ್ಡು ಕೊಡಬೇಕೇ? ದಿನವಿಡೀ ಕೆಲಸ ಮಾಡುವ ಬಡಗಿಗೆ ಹೌದು. ಮನೆ ಕೆಲಸಕ್ಕೆ ಆ ಹಣವನ್ನು ಎರಡನೇ ಬ್ಯಾಟರಿಗೆ ಹಾಕುವುದು ಮೇಲು, ನಾವೇ ಬ್ರಷ್ ಬದಲಿಸಬಹುದಾದ ಮಾದರಿಯಾದರೆ ಇನ್ನೂ ಒಳ್ಳೆಯದು.

ಬಾಕಿ ಇರುವುದು

ಹಿಂಜ್ ಬಿಟ್ ಹಾಕಿ ಎರಡೂ ಮಷಿನ್‌ಗಳಲ್ಲಿ ಪ್ಲೈ ತುಂಡು ಕೊರೆದು, ಬ್ಯಾಟರಿ ಎಷ್ಟು ಬಿಸಿಯಾಗುತ್ತದೆ ಎಂದು ನೋಡಬೇಕು. ಈ ಸೆಲ್‌ಗಳನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡಬಾರದು, ಒಳ್ಳೆಯ ಚಾರ್ಜರ್ ತಣ್ಣಗಾಗುವವರೆಗೆ ಲೈಟ್ ಮಿಣುಕಿಸುತ್ತಾ ಕಾಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಈ ಕಾಯುವಿಕೆಯೇ ಎರಡನೇ ಬ್ಯಾಟರಿಯ ಅಗತ್ಯ ಹೇಳುತ್ತದೆ. 8 ನಂಬರ್ ಸ್ಕ್ರೂಗೆ ಪ್ಲೈನಲ್ಲಿ 2.5 ಮಿ.ಮೀ., ತೇಗ-ಮತ್ತಿಯಂಥ ಗಟ್ಟಿ ಮರದಲ್ಲಿ 3 ಮಿ.ಮೀ. ಪೈಲಟ್ ಎಂದು ಗುರುತಿಟ್ಟಾಗಿದೆ; ಕ್ಲಚ್ಚಿನ (ಗೊತ್ತುಮಾಡಿದ ಬಿಗಿತ ಬಂದಾಗ ತಿರುಗುವುದನ್ನು ನಿಲ್ಲಿಸುವ ಉಂಗುರ) ಯಾವ ಸಂಖ್ಯೆಗೆ ಸ್ಕ್ರೂ ತಲೆ ಹಲಗೆಯ ಸಮಕ್ಕೆ ಬಂದು ನಿಲ್ಲುತ್ತದೆ ಎಂಬುದನ್ನು ಒಂದರಿಂದ ಮೇಲಕ್ಕೆ ಏರಿಸುತ್ತಾ, ಅದೇ ಪ್ಲೈನ ಚೂರಿನ ಮೇಲೆ ಗುರುತು ಮಾಡಬೇಕು.